ತೂತು ಬಾವುಟದ ಊರಲ್ಲಿ ಆರು ದಿನ

1956ರ ಅಕ್ಟೋಬರ್ 23ರ ಮಧ್ಯಾಹ್ನ ಬುಡಾಪೆಸ್ಟಿನಲ್ಲಿ ಹೊರಟ ವಿದ್ಯಾರ್ಥಿಗಳ ಮೆರವಣಿಗೆ ರಾತ್ರಿಯಾಗುವಷ್ಟರಲ್ಲಿ ಬಂದೂಕಿನ ಕಾಳಗವಾಗಿತ್ತು. ಅಲ್ಲಿಂದ ಹನ್ನೆರಡು ದಿನ ಹಂಗೇರಿ ಮಾಸ್ಕೋದ ಹಿಡಿತವನ್ನು ಕೊಡವಿಕೊಂಡು ನಿಂತಿತು. ನವೆಂಬರ್ 4ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ಎರಡನೇ ಸಲ ನುಗ್ಗಿದವು. ಸುಮಾರು 2,500 ಹಂಗೇರಿಯನ್ನರು, ಸುಮಾರು 700 ಸೋವಿಯತ್ ಸೈನಿಕರು ಸತ್ತರು. ಎರಡು ಲಕ್ಷ ಜನ ದೇಶ ಬಿಟ್ಟರು.

ಬುಡಾಪೆಸ್ಟಿಗೆ ಹೋಗುವ ಹೆಚ್ಚಿನವರು ಈ ದಂಗೆಯನ್ನು ಒಂದೇ ಮ್ಯೂಸಿಯಂನಲ್ಲಿ, ಎರಡು ಗಂಟೆಯಲ್ಲಿ ನೋಡಿ ಮುಗಿಸುತ್ತಾರೆ. ಹಾಗೆ ನೋಡಿದರೆ ಅದು ಗುಪ್ತ ಪೊಲೀಸರ ಮತ್ತು ಅವರ ಕೈಗೆ ಸಿಕ್ಕವರ ಕಥೆಯಷ್ಟೇ ಆಗಿ ಕಾಣುತ್ತದೆ. ಫ್ಯಾಕ್ಟರಿಗಳು ಕಾಣುವುದಿಲ್ಲ, ಬೀದಿಯ ತಿರುವುಗಳು ಕಾಣುವುದಿಲ್ಲ. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದ ಸರಕಾರದ ಎದುರು ಎದ್ದು ನಿಂತವರು ಹೆಚ್ಚಾಗಿ ಕಾರ್ಮಿಕರೇ ಎನ್ನುವುದು ಕಾಲ್ನಡಿಗೆಯಲ್ಲಿ, ಸಾಧ್ಯವಾದಷ್ಟೂ ದಿನಾಂಕದ ಕ್ರಮದಲ್ಲಿ ತಿರುಗಿದಾಗಲೇ ಮನಸ್ಸಿಗೆ ಇಳಿಯುವುದು. ಅದಕ್ಕೇ ಈ ಆರು ದಿನದ ದಾರಿ.

ಹೊರಡುವ ಮುಂಚೆ ಕೆಲವು ಮಾತು. ಹಂಗೇರಿ ಶೆಂಗೆನ್ ವಲಯದಲ್ಲಿದೆ, ಐದನೇ ದಿನ ಆಸ್ಟ್ರಿಯಾದ ಗಡಿ ದಾಟುವುದಕ್ಕೂ ಅದೇ ವೀಸಾ ಸಾಕು. ನಾಣ್ಯ ಮಾತ್ರ ಫೋರಿಂಟ್, ಯೂರೋ ಅಲ್ಲ. ನಗರ ಸಾರಿಗೆಗೆ ಬಿಡಿ ಟಿಕೆಟ್ ಬದಲು ಕೆಲವು ದಿನಗಳ ಪಾಸು ತೆಗೆದುಕೊಳ್ಳಿ. ಬಿಡಿ ಟಿಕೆಟನ್ನು ಪ್ರತಿ ಸಲವೂ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದೆ ದಂಡ ಕಟ್ಟುವ ಪ್ರವಾಸಿಗರು ತುಂಬಾ. ಸೋಮವಾರ ಮ್ಯೂಸಿಯಂಗಳು ಬಾಗಿಲು ಮುಚ್ಚಿರುತ್ತವೆ, ಹಾಗಾಗಿ ನಾಲ್ಕನೇ ದಿನ ಸೋಮವಾರಕ್ಕೆ ಬೀಳದಂತೆ ಲೆಕ್ಕ ಹಾಕಿ. ಅಕ್ಟೋಬರ್ 23 ರಾಷ್ಟ್ರೀಯ ರಜೆ. ಅಂದು ಸಮಾರಂಭಗಳಿವೆ, ಪಕ್ಷಗಳ ಸಭೆಗಳಿವೆ, ಬೀದಿಗಳನ್ನು ಮುಚ್ಚುತ್ತಾರೆ. ಆ ದಿನದ ಕಳೆ ನೋಡಬೇಕೆಂದರೆ ಹೋಗಿ, ಜಾಗಗಳನ್ನು ನಿಧಾನವಾಗಿ ನೋಡಬೇಕೆಂದರೆ ಎರಡು ದಿನ ಆಚೀಚೆ ಮಾಡಿ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲೆ.

ಬೋರ್ಡು ಓದಲು ನಾಲ್ಕು ಪದ ಗೊತ್ತಿದ್ದರೆ ಸಾಕು. ತೇರ್ ಎಂದರೆ ಚೌಕ, ಉತ್ಸಾ ಎಂದರೆ ಬೀದಿ, ಊತ್ ಎಂದರೆ ಹೆದ್ದಾರಿಯಂಥ ಅಗಲ ರಸ್ತೆ, ಕೋಜ್ ಎಂದರೆ ಓಣಿ. ಎಸ್ ಅಕ್ಷರ ಒಂಟಿಯಾಗಿದ್ದರೆ 'ಶ', ಪಕ್ಕದಲ್ಲಿ ಝೆಡ್ ಇದ್ದರೆ 'ಸ'. ಅವರ ಹೆಸರಲ್ಲಿ ಮನೆತನ ಮೊದಲು, ಕರೆಯುವ ಹೆಸರು ಆಮೇಲೆ. ಬೋರ್ಡಿನಲ್ಲಿ ನಾಜ್ ಇಮ್ರೆ ಎಂದಿದ್ದರೆ ಅದು ಪುಸ್ತಕಗಳ ಇಮ್ರೆ ನಾಜ್, ದಂಗೆಯ ದಿನಗಳ ಪ್ರಧಾನಿ. ಫೋರ್ಟೆಪಾನ್ ಎಂಬ ಉಚಿತ ಜಾಲತಾಣದಲ್ಲಿ 1956ರ ನೂರಾರು ಫೋಟೋಗಳಿವೆ, ಬೀದಿಯ ಹೆಸರು ಕೊಟ್ಟು ಹುಡುಕಬಹುದು. ಆಯಾ ದಿನದ ಬೀದಿಗಳ ಫೋಟೋಗಳನ್ನು ಹಿಂದಿನ ರಾತ್ರಿಯೇ ಫೋನಿಗೆ ಇಳಿಸಿಕೊಳ್ಳಿ. ಅದೇ ಮೂಲೆಯಲ್ಲಿ ನಿಂತು ಆ ಫೋಟೋ ಹಿಡಿದು ನೋಡುವುದಕ್ಕೆ ಸಮನಾದ ಗೈಡ್ ಬೇರೆ ಇಲ್ಲ.

ಮೊದಲ ದಿನ: ಮೆರವಣಿಗೆಯ ದಾರಿ

ಬುಡಾ ಕಡೆಯ ಸೆಂಟ್ ಗೆಲ್ಲೇರ್ಟ್ ತೇರ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ತಾಂತ್ರಿಕ ವಿಶ್ವವಿದ್ಯಾಲಯ. ಅಕ್ಟೋಬರ್ 22ರ ಸಂಜೆ ಇಲ್ಲಿ ಸೇರಿದ ವಿದ್ಯಾರ್ಥಿಗಳು ರಾತ್ರಿಯವರೆಗೆ ಕೂತು 16 ಬೇಡಿಕೆಗಳನ್ನು ಬರೆದರು. ಸೋವಿಯತ್ ಸೈನ್ಯ ಹೊರಡಬೇಕು ಎನ್ನುವುದು ಮೊದಲನೆಯದು. ಇಮ್ರೆ ನಾಜ್ ಸರಕಾರ ರಚಿಸಬೇಕು, ಹಲವು ಪಕ್ಷಗಳ ಗುಟ್ಟಿನ ಮತದಾನ ಬೇಕು, ಕಾರ್ಮಿಕರಿಗೆ ಮುಷ್ಕರದ ಹಕ್ಕು ಬೇಕು, ಫ್ಯಾಕ್ಟರಿಯ ಕೆಲಸದ ಕೋಟಾ ಮರುಪರಿಶೀಲನೆಯಾಗಬೇಕು, ದೇಶದ ಯುರೇನಿಯಂ ವ್ಯಾಪಾರದ ಒಪ್ಪಂದ ಬಯಲಾಗಬೇಕು, ಸ್ಟಾಲಿನ್ ಪ್ರತಿಮೆ ಇಳಿಯಬೇಕು ಎಂಬುವೂ ಅದರಲ್ಲಿದ್ದವು. ಪಟ್ಟಿಯನ್ನು ಪೂರ್ತಿ ಓದಲು ಬಾನುಲಿ ಒಪ್ಪಲಿಲ್ಲ. ಮರುರಾತ್ರಿ ಬಾನುಲಿ ಕಟ್ಟಡದ ಮುಂದೆ ರಕ್ತ ಹರಿದದ್ದರ ಬೇರು ಇಲ್ಲಿದೆ.

ಮರುದಿನ ಮಧ್ಯಾಹ್ನ 12:53ಕ್ಕೆ ಮೆರವಣಿಗೆ ನಿಷೇಧಿಸಲಾಗಿದೆ ಎಂದು ಬಾನುಲಿ ಹೇಳಿತು, 2:23ಕ್ಕೆ ನಿಷೇಧ ತೆಗೆದಿದ್ದೇವೆ ಎಂದಿತು. ಈ ಒಂದೂವರೆ ಗಂಟೆಯಲ್ಲಿ ಆಳುವವರ ಕೈ ನಡುಗುತ್ತಿದೆ ಎಂಬುದು ಇಡೀ ಊರಿಗೆ ತಿಳಿದುಹೋಯಿತು.

ಅಂದು ಎರಡು ಮೆರವಣಿಗೆ ಹೊರಟವು. ಒಂದು ಪೆಸ್ಟ್ ಕಡೆ, 1848ರ ಕ್ರಾಂತಿಯ ಕವಿ ಶಾಂದೋರ್ ಪೆತೋಫಿಯ ಪ್ರತಿಮೆಯಿಂದ. ಇನ್ನೊಂದು ಬುಡಾ ದಡದ ಗುಂಟ, ತಾಂತ್ರಿಕ ವಿಶ್ವವಿದ್ಯಾಲಯದಿಂದ. ಎರಡೂ ಸೇರಿದ್ದು ಬೆಮ್ ತೇರ್‌ನಲ್ಲಿ. ನಡೆಯಲು ಬುಡಾ ದಡವೇ ಚೆಂದ. ಡ್ಯಾನ್ಯೂಬನ್ನು ಬಲಕ್ಕಿಟ್ಟುಕೊಂಡು ಉತ್ತರಕ್ಕೆ ಸುಮಾರು 4 ಕಿ.ಮೀ. ಕಾಲು ಸೋತರೆ 19 ಅಥವಾ 41ನೇ ಟ್ರಾಮ್ ಇದೇ ದಡದಲ್ಲಿ ಹೋಗುತ್ತದೆ. ಬೆಮ್ ಪೋಲೆಂಡಿನ ಸೇನಾನಿ, 1848–49ರಲ್ಲಿ ಹಂಗೇರಿಯ ಪರ ಕಾದಿದವನು. ಅದೇ ವಾರ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ನಾಯಕ ಗೊಮುಲ್ಕಾ ಮಾಸ್ಕೋದ ಮುಂದೆ ಬಾಗದೆ ನಿಂತಿದ್ದ. ಪೋಲೆಂಡಿಗೆ ಬೆಂಬಲ ಎಂದರೆ ತಮ್ಮ ಬೇಡಿಕೆಯೂ ಅದೇ ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದಲೇ ಈ ಪ್ರತಿಮೆ.

ಬಾವುಟಕ್ಕೆ ತೂತು ಬಿದ್ದದ್ದೂ ಆ ಮಧ್ಯಾಹ್ನವೇ. ಕೆಂಪು, ಬಿಳಿ, ಹಸಿರು ಪಟ್ಟಿಯ ನಡುವೆ ಸರಕಾರ ಸುತ್ತಿಗೆ, ಗೋಧಿ ತೆನೆ, ಮೇಲೊಂದು ನಕ್ಷತ್ರದ ಲಾಂಛನ ಹೊಲಿಸಿತ್ತು. ಜನ ಕತ್ತರಿ ತಂದು ಅಷ್ಟನ್ನೇ ದುಂಡಗೆ ಕತ್ತರಿಸಿ ತೆಗೆದರು. ಹೊಸ ಬಾವುಟ ಹೊಲಿಯಲು ಪುರುಸೊತ್ತಿರಲಿಲ್ಲ, ಬೇಕೂ ಆಗಲಿಲ್ಲ. ಹನ್ನೆರಡು ದಿನವೂ ಆ ತೂತೇ ಗುರುತು. ಇಂದಿಗೂ ಅಕ್ಟೋಬರಿನಲ್ಲಿ ಮನೆ, ಕಚೇರಿಗಳ ಮುಂದೆ ಅದು ಹಾರುತ್ತದೆ.

ಬೆಮ್ ತೇರ್‌ನಿಂದ ಮಾರ್ಗರೆಟ್ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ಪಾರ್ಲಿಮೆಂಟಿನ ಕೊಶುತ್ ತೇರ್, ಒಟ್ಟು 2 ಕಿ.ಮೀ. ಸೇತುವೆ ಇಳಿದ ಕೂಡಲೇ ಯಾಸಾಯಿ ಮಾರಿ ತೇರ್‌ನಲ್ಲಿ ಕನ್ನಡಕ, ಹ್ಯಾಟು ಧರಿಸಿದ ಇಮ್ರೆ ನಾಜ್ ಒಂದು ಪುಟ್ಟ ಸೇತುವೆಯ ಮೇಲೆ ನಿಂತಿದ್ದಾರೆ. ಈ ಪ್ರತಿಮೆಯನ್ನು 1996ರಲ್ಲಿ ಪಾರ್ಲಿಮೆಂಟಿನ ಹತ್ತಿರ, ಆ ಕಟ್ಟಡವನ್ನೇ ನೋಡುವಂತೆ ನಿಲ್ಲಿಸಿದ್ದರು. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಕಿತ್ತು ಮುಂದಿನ ವರ್ಷ ಇಲ್ಲಿಗೆ ತಂದರು. ಸತ್ತ ಮೇಲೂ ನಾಜ್‌ರನ್ನು ಎತ್ತಿ ಇಡುವುದು ನಿಂತಿಲ್ಲ. ಜಾಗ ತಪ್ಪಿಸಿದ್ದು ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ.

ಆ ಸಂಜೆ ಕೊಶುತ್ ತೇರ್‌ನಲ್ಲಿ ಸುಮಾರು 2 ಲಕ್ಷ ಜನ. ರಾತ್ರಿ ಒಂಬತ್ತರ ಸುಮಾರಿಗೆ ನಾಜ್ ಕಿಟಕಿಯಲ್ಲಿ ನಿಂತು 'ಕಾಮ್ರೇಡರೇ' ಎಂದು ಮಾತು ಶುರು ಮಾಡಿದರು. ನಾವು ಕಾಮ್ರೇಡರಲ್ಲ ಎಂದು ಕೆಳಗಿನಿಂದ ಕೂಗು ಬಂತು. ನಾಜ್ ಕ್ರಾಂತಿಯ ಮುಂದೆ ನಡೆದವರಲ್ಲ, ಹಿಂದೆ ನಡೆದು ದಿನದಿನಕ್ಕೆ ಅದನ್ನು ಸೇರಿಕೊಂಡವರು. ಇದು ಮನಸ್ಸಿನಲ್ಲಿದ್ದರೆ ಮುಂದಿನದು ಸರಿಯಾಗಿ ಅರ್ಥವಾಗುತ್ತದೆ.

ಕತ್ತಲಾದ ಮೇಲೆ ಎರಡನೇ ಮೆಟ್ರೋದಲ್ಲಿ ಆಸ್ಟೋರಿಯಾಕ್ಕೆ ಬಂದು ಐದಾರು ನಿಮಿಷ ನಡೆದರೆ ನ್ಯಾಷನಲ್ ಮ್ಯೂಸಿಯಂನ ಬದಿಯ ಬ್ರೋದಿ ಶಾಂದೋರ್ ಉತ್ಸಾ. ಬಾನುಲಿ ಕಟ್ಟಡ ಇದ್ದದ್ದು 5–7ನೇ ನಂಬರಿನಲ್ಲಿ. ಬೀದಿಯ ಅಗಲ ನೋಡಿ. ಇಷ್ಟು ಇಕ್ಕಟ್ಟಿನಲ್ಲಿ ಸಾವಿರಾರು ಜನ ಒತ್ತಿಕೊಂಡಾಗ ಮುಂದಿದ್ದವರಿಗೆ ಹಿಂದೆ ಸರಿಯಲು ಜಾಗವೇ ಇಲ್ಲ. ಒಳಗೆ ಗುಪ್ತ ಪೊಲೀಸರು, ಜನರ ಬಾಯಲ್ಲಿ 'ಆವೋ'ಗಳು. ಮೊದಲು ಅಶ್ರುವಾಯು, ಆಮೇಲೆ ಗುಂಡು. ಕಟ್ಟಡ ಕಾಯಲು ಕಳಿಸಿದ ಸೈನಿಕರಲ್ಲಿ ಹಲವರು ಬಂದೂಕನ್ನು ಜನರ ಕೈಗೇ ಕೊಟ್ಟರು. ಇನ್ನಷ್ಟು ಬಂದೂಕು ಬಂದದ್ದು ಶೊರೊಕ್ಶಾರಿ ರಸ್ತೆಯ 'ದೀಪದ ಫ್ಯಾಕ್ಟರಿ'ಯಿಂದ. ಹೆಸರು ದೀಪದ್ದು, ಒಳಗೆ ತಯಾರಾಗುತ್ತಿದ್ದದ್ದು ಆಯುಧ. ಇದು ಗೊತ್ತಿದ್ದದ್ದು ಕಾರ್ಮಿಕರಿಗೆ, ಲಾರಿ ತಂದವರೂ ಅವರೇ. ಬೆಳಗಿನ ಜಾವ ಕಟ್ಟಡ ಜನರ ವಶವಾಯಿತು, ಬಾನುಲಿ ಮಾತ್ರ ಆಗಲಿಲ್ಲ. ಪ್ರಸಾರವನ್ನು ಪಾರ್ಲಿಮೆಂಟಿನೊಳಗಿನ ಸ್ಟುಡಿಯೋಗೆ ಸಾಗಿಸಿಬಿಟ್ಟಿದ್ದರು.

ಎರಡನೇ ದಿನ: ಟ್ಯಾಂಕು ತಿರುಗಲಾರದ ಓಣಿ

ಈ ಪ್ರವಾಸದಲ್ಲಿ ಒಂದೇ ದಿನ ಸಿಕ್ಕರೆ ಇದನ್ನೇ ಇಟ್ಟುಕೊಳ್ಳಿ. ಮೂರನೇ ಮೆಟ್ರೋ ಅಥವಾ 4, 6ನೇ ಟ್ರಾಮಿನಲ್ಲಿ ಕೊರ್ವಿನ್-ನೆಡ್ಯೆದ್ ನಿಲ್ದಾಣ. ಉಲ್ಲೋಯ್ ಊತ್ ಮತ್ತು ನಗರದ ಉಂಗುರ ರಸ್ತೆ ಕತ್ತರಿಸುವ ಮೂಲೆ ಇದು. ನಗರದೊಳಕ್ಕೆ ಬರುವ ಟ್ಯಾಂಕುಗಳಿಗೆ ಈ ಎರಡು ರಸ್ತೆಗಳನ್ನು ಬಿಟ್ಟರೆ ಅನುಕೂಲದ ದಾರಿ ಇರಲಿಲ್ಲ.

ಮೂಲೆಯಿಂದ ಹತ್ತು ಹೆಜ್ಜೆ ಒಳಗೆ ಕೊರ್ವಿನ್ ಕೋಜ್. ನಡುವೆ 1922ರ ದುಂಡನೆಯ ಸಿನಿಮಾ ಮಂದಿರ. ಅದನ್ನು ಕಡಗದಂತೆ ಸುತ್ತಿ ನಿಂತ ವಸತಿ ಕಟ್ಟಡಗಳು. ಹೊರಗಿನ ಎರಡು ದೊಡ್ಡ ರಸ್ತೆಗೂ ಇಲ್ಲಿಂದ ಕಿರಿದಾದ ಸಂದುಗಳಿವೆ. ಮೊದಲು ಸಿನಿಮಾ ಮಂದಿರಕ್ಕೆ ಬೆನ್ನು ಕೊಟ್ಟು ನಿಂತು ಹೊರಗೆ ನೋಡಿ, ಆಮೇಲೆ ಹೊರಗಿನ ರಸ್ತೆಯಿಂದ ಒಳಗೆ ನೋಡಿ. ಒಳಗಿದ್ದವನಿಗೆ ಇಡೀ ಮೂಲೆ ಕಾಣುತ್ತದೆ, ಹೊರಗಿನ ಟ್ಯಾಂಕಿಗೆ ಬಾಗಿದ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಟ್ಯಾಂಕು ಸಂದಿನೊಳಗೆ ತೂರದು. ನೇರ ಗುರಿ ಸಿಗದೆ ಗುಂಡು ಹೊರಮೈ ಕಟ್ಟಡಕ್ಕೇ ಬಡಿಯುತ್ತದೆ. ಸಿನಿಮಾ ಮಂದಿರದ ಹಿಂದೆ ಪೆಟ್ರೋಲ್ ಪಂಪು ಇತ್ತು. ಬಾಟಲಿಗಳಿಗೆ ಪೆಟ್ರೋಲ್ ಬಂದದ್ದು ಅಲ್ಲಿಂದ.

ಅಕ್ಟೋಬರ್ 24ರ ಬೆಳಗಿನಿಂದ ಬಂದ ಟಿ-34 ಟ್ಯಾಂಕುಗಳು ಇಲ್ಲಿ ಸೋತದ್ದಕ್ಕೆ ಕಾರಣ ಒಂದಲ್ಲ. ಮುಖ್ಯವಾದದ್ದು, ಅವುಗಳ ಜೊತೆ ಕಾಲಾಳುಗಳು ಸಾಕಷ್ಟಿರಲಿಲ್ಲ. ಟ್ಯಾಂಕು ಕಂಡರೆ ಜನ ಚದರಿಹೋಗುತ್ತಾರೆ ಎಂದು ಸೋವಿಯತ್ ಸೇನೆ ನಂಬಿತ್ತು. ಮುಚ್ಚಳ ಹಾಕಿಕೊಂಡ ಟ್ಯಾಂಕಿನೊಳಗೆ ಕೂತವನಿಗೆ ಪಕ್ಕದ ಕಿಟಕಿ ಕಾಣುವುದಿಲ್ಲ. ಫಿರಂಗಿಯ ಮೂತಿ ಮೇಲೇಳುವುದಕ್ಕೂ ಮಿತಿ ಇದೆ, ಎದುರಿನ ಕಟ್ಟಡದ ಮೇಲಂತಸ್ತು ಅದರ ಅಳತೆಗೆ ಸಿಗದು. ಎಂಜಿನ್ನು ಇರುವುದು ಹಿಂಭಾಗದಲ್ಲಿ, ಗಾಳಿಗೆಂದು ಮೇಲೆ ಜಾಲರಿ. ಮೇಲಿನಿಂದ ಬಿದ್ದ ಉರಿಯುವ ಪೆಟ್ರೋಲ್ ಅದರ ಮೂಲಕ ಒಳಗಿಳಿಯುತ್ತಿತ್ತು. ಸೈನಿಕರನ್ನು ಸಾಗಿಸುವ ಬಿಟಿಆರ್-152 ಗಾಡಿಗಳಿಗಂತೂ ಚಾವಣಿಯೇ ಇರಲಿಲ್ಲ. ಹುಡುಗರು ಊಟದ ತಟ್ಟೆಗಳನ್ನು ರಸ್ತೆಯಲ್ಲಿ ಬೋರಲು ಹಾಕಿಡುತ್ತಿದ್ದರು. ದೂರದಿಂದ ನೆಲಬಾಂಬಿನಂತೆ ಕಂಡು ಟ್ಯಾಂಕು ನಿಧಾನಿಸುತ್ತಿತ್ತು, ನಿಧಾನಿಸಿದ ಟ್ಯಾಂಕಿಗೆ ಗುರಿ ಇಡುವುದು ಸುಲಭ.

ಸಿನಿಮಾ ಮಂದಿರದ ಮುಂದೆ ಅಳತೆ ಮೀರಿದ ಟೋಪಿ, ದೊಗಲೆ ಕೋಟು, ಕೈಯಲ್ಲಿ ಬಂದೂಕು ಹಿಡಿದ ಹುಡುಗನ ಕಂಚಿನ ಪ್ರತಿಮೆ ಇದೆ. 1996ರದ್ದು. 'ಪೆಸ್ಟಿನ ಹುಡುಗ' ಎಂದೇ ಕರೆಯುತ್ತಾರೆ. ಅಪ್ರೆಂಟಿಸ್ ಹುಡುಗರು, ಫಿಟ್ಟರುಗಳು, ಲಾರಿ ಡ್ರೈವರುಗಳು, ಹಾಸ್ಟೆಲಿನ ಕಾರ್ಮಿಕರು, ಇವರೇ ಇಲ್ಲಿನ ಪಡೆ. ಮೊದಲ ನಾಯಕ ಲಾಸ್ಲೋ ಇವಾನ್ ಕೊವಾಚ್‌ನನ್ನು 1957ರ ಡಿಸೆಂಬರ್ 30ರಂದು ಗಲ್ಲಿಗೇರಿಸಿದರು. ನವೆಂಬರ್ 1ರಿಂದ ನಾಯಕನಾದ ಗೆರ್ಗೆಯ್ ಪೊಂಗ್ರಾತ್ಸ್ ಗಡಿ ದಾಟಿ ಬದುಕಿಕೊಂಡ.

ಉಲ್ಲೋಯ್ ಊತ್ ದಾಟಿದರೆ ಎದುರಿಗೇ ಕಿಲಿಯಾನ್ ಬ್ಯಾರಕ್ಕಿನ ಉದ್ದನೆಯ ಕಟ್ಟಡ. ದಂಗೆ ಅಡಗಿಸಲೆಂದು ಇಲ್ಲಿಗೆ ಬಂದ ಕರ್ನಲ್ ಪಾಲ್ ಮಲೇತೆರ್ ಜನರ ಪಕ್ಷಕ್ಕೆ ವಾಲಿದ, ಕೊನೆಗೆ ರಕ್ಷಣಾ ಮಂತ್ರಿಯಾದ. ಬ್ಯಾರಕ್ಕು ಮತ್ತು ಸಿನಿಮಾ ಮಂದಿರ ಎದುರುಬದುರು ನಿಂತಾಗ ನಡುವಿನ ರಸ್ತೆ ಇಕ್ಕುಳದ ಬಾಯಿಯಾಯಿತು.

ಇಲ್ಲಿಂದ ತೂಜೊಲ್ತೋ ಉತ್ಸಾಕ್ಕೆ ನಡೆದೇ ಹೋಗಬಹುದು. ಅಲ್ಲಿನ ಪಡೆಯ ನಾಯಕ ಇಶ್ತ್ವಾನ್ ಆಂದ್ಯಾಲ್ ಯಹೂದಿ, ನಾಜಿ ಶಿಬಿರದಿಂದ ಬದುಕಿ ಬಂದವನು, ಕೊನೆಯವರೆಗೂ ಎಡಪಂಥೀಯ. ಇದನ್ನು ಫ್ಯಾಸಿಸ್ಟರ ದಂಗೆ ಎಂದು ಕರೆದವರಿಗೆ ಆಂದ್ಯಾಲ್‌ನ ಬದುಕೇ ಉತ್ತರ. 1958ರ ಡಿಸೆಂಬರ್ 1ರಂದು ಗಲ್ಲಾಯಿತು. ಹೆಸರಿಲ್ಲದೆ ಸತ್ತವರ ನೆನಪಿಗೆ ಕೆತ್ತದ ಒಂದು ದೊಡ್ಡ ಒರಟು ಕಲ್ಲು ಸಾಕು ಎಂಬುದು ಜೈಲಿನಿಂದ ಅವನು ಬರೆದಿಟ್ಟ ಆಸೆ. ಕೊರ್ವಿನ್ ಹಿಂಭಾಗದಲ್ಲಿ ಹಳೆಯ ಮನೆಗಳನ್ನು ಒಡೆದು ಶಾಪಿಂಗ್ ಬೀದಿ ಮಾಡಿದ್ದಾರೆ. ಗುಂಡಿನ ಗುರುತು ನೋಡಬೇಕೆಂದರೆ ಎಂಟು ಮತ್ತು ಒಂಬತ್ತನೇ ಜಿಲ್ಲೆಯ ಒಳಬೀದಿಗಳಲ್ಲಿ ಬಣ್ಣ ಕಾಣದ ಗೋಡೆಗಳನ್ನು ಹುಡುಕಬೇಕು. ಗಾರೆ ಬೊಗಸೆಯಷ್ಟು ಕಿತ್ತುಬಂದು ನಡುವೆ ಇಟ್ಟಿಗೆ ಕುಳಿಬಿದ್ದಿದ್ದರೆ ಅದು ಗುಂಡು. ಗಾರೆ ಬರೀ ಹಪ್ಪಳದಂತೆ ಎದ್ದಿದ್ದರೆ ತೇವ.

ಮಧ್ಯಾಹ್ನ ರಾಕೋತ್ಸಿ ತೇರ್‌ನಿಂದ ನಾಲ್ಕನೇ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಪೋಪ್ ಎರಡನೇ ಜಾನ್ ಪಾಲ್ ಹೆಸರಿನ ಚೌಕ. ಆಗ ಇದು ರಿಪಬ್ಲಿಕ್ ಚೌಕ, ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಬುಡಾಪೆಸ್ಟ್ ಕಚೇರಿ ಇಲ್ಲಿತ್ತು. ಅಕ್ಟೋಬರ್ 30ರಂದು ಜನ ಅದನ್ನು ಮುತ್ತಿದರು. ಕಚೇರಿಯನ್ನು ಕಾಪಾಡಲು ಬಂದ ಹಂಗೇರಿಯ ಟ್ಯಾಂಕುಗಳು ಗೊಂದಲದಲ್ಲಿ ಕಚೇರಿಯ ಮೇಲೇ ಗುಂಡು ಹಾರಿಸಿದವು. ಬಿಳಿ ಬಾವುಟ ಹಿಡಿದು ಹೊರಬಂದ ಇಮ್ರೆ ಮೆಜೋಗೆ ಗುಂಡು ಬಿತ್ತು. ಆತ ಇಮ್ರೆ ನಾಜ್‌ರ ಪರವಿದ್ದ ಪಕ್ಷದ ನಾಯಕ. ಕೈ ಎತ್ತಿ ಶರಣಾದ ಎಳೆಯ ಆವೋ ಸೈನಿಕರನ್ನು ನಿಂತಲ್ಲೇ ಕೊಂದರು, ಹೆಣಗಳನ್ನು ಮರಕ್ಕೆ ನೇತುಹಾಕಿದರು. ನೆಲದಡಿ ಗುಪ್ತ ಜೈಲಿದೆ ಎಂಬ ಗಾಳಿಮಾತು ನಂಬಿ ದಿನಗಟ್ಟಲೆ ಚೌಕವನ್ನು ಅಗೆದರು, ಏನೂ ಸಿಗಲಿಲ್ಲ. ದಂಗೆಯನ್ನು ಪ್ರೀತಿಸುವವರು ಈ ಚೌಕವನ್ನು ಬಿಟ್ಟು ಮುಂದೆ ಹೋಗಬಾರದು. ಇಲ್ಲಿನ ಫೋಟೋಗಳು ಜಗತ್ತೆಲ್ಲ ಸುತ್ತಿದವು, ದಂಗೆ ಅಡಗಿಸಿ ಮಾಸ್ಕೋ ಕೂರಿಸಿದ ಕಾದಾರ್ ಸರಕಾರ ಮುಂದೆ ಮೂವತ್ತು ವರ್ಷ ಇದನ್ನೇ ತೋರಿಸಿ ಇಡೀ ದಂಗೆಗೆ ಮಸಿ ಬಳಿಯಿತು. ಅದೇ 30ರಂದು ಮಾಸ್ಕೋ ಸೈನ್ಯ ಹಿಂತೆಗೆಯುವ ಮಾತುಕತೆಗೆ ಸಿದ್ಧವೆಂದಿತ್ತು, 31ರಂದು ನಿರ್ಧಾರ ತಿರುಗಿತು. ಸೂಯೆಜ್‌ನಲ್ಲಿ ಬ್ರಿಟನ್, ಫ್ರಾನ್ಸ್ ಬಾಂಬು ಹಾಕಲು ತೊಡಗಿದ್ದೂ 31ರಂದೇ.

ಮೂರನೇ ದಿನ: ಚೌಕದ ರಕ್ತ, ಪಾರ್ಲಿಮೆಂಟಿನಲ್ಲಿ ಉಳಿದ ಒಬ್ಬ

ಎರಡನೇ ನಂಬರಿನ ಟ್ರಾಮಿನಲ್ಲಿ ಮತ್ತೆ ಕೊಶುತ್ ತೇರ್, ಈ ಸಲ ಹಗಲಲ್ಲಿ. ಅಕ್ಟೋಬರ್ 25ರ ಬೆಳಿಗ್ಗೆ ಕೆಲವು ಸೋವಿಯತ್ ಟ್ಯಾಂಕಿನವರು ಜನರೊಂದಿಗೆ ಮಾತಿಗಿಳಿದರು. ಜನ ಟ್ಯಾಂಕು ಹತ್ತಿ ಬಾವುಟ ಬೀಸುತ್ತಾ ಈ ಚೌಕಕ್ಕೆ ಬಂದರು. ಆಗ ಗುಂಡು ಹಾರಿತು. ಮೊದಲು ಹಾರಿಸಿದವರು ಯಾರು ಎಂಬ ಚರ್ಚೆ ಮುಗಿದಿಲ್ಲ. ಗುರುತು ಸಿಕ್ಕ ಸತ್ತವರೇ 60ಕ್ಕೂ ಹೆಚ್ಚು. ಚೌಕದ ಮಧ್ಯೆ ನಿಂತು ಅಡಗಲು ಜಾಗ ಹುಡುಕಿ. ಪಾರ್ಲಿಮೆಂಟಿನ ಎದುರಿನ ಕೃಷಿ ಸಚಿವಾಲಯದ ಕಮಾನುಗಳು ಬಿಟ್ಟರೆ ಏನೂ ಇಲ್ಲ. ಜನ ಓಡಿದ್ದೂ ಅಲ್ಲಿಗೇ. ಆ ಗೋಡೆಯಲ್ಲಿ ಗುಂಡು ತಾಕಿದಂತೆ ಲೋಹದ ಉಂಡೆಗಳನ್ನು ಹುದುಗಿಸಿದ್ದಾರೆ. ಕಮಾನಿನ ಒಳಗೆ ಹೋಗಿ ಹತ್ತಿರದಿಂದ ನೋಡಿ, ದೂರದಿಂದ ಕಣ್ಣಿಗೆ ಬೀಳುವುದಿಲ್ಲ. ಚೌಕದಡಿಯ ಹಳೆಯ ಗಾಳಿ ಸುರಂಗದಲ್ಲಿ ಆ ದಿನದ ಸ್ಮಾರಕವಿದೆ.

ಇನ್ನು ಪಾರ್ಲಿಮೆಂಟ್. ನವೆಂಬರ್ 1ರಂದು ನಾಜ್ ಸೋವಿಯತ್ ಬಣದ ಸೇನಾಕೂಟವಾದ ವಾರ್ಸಾ ಒಪ್ಪಂದದಿಂದ ಹೊರಬಂದು ಹಂಗೇರಿ ತಟಸ್ಥ ದೇಶ ಎಂದು ಸಾರಿದರು. 4ರ ನಸುಕಿನ 5:20ಕ್ಕೆ ಬಾನುಲಿಯಲ್ಲಿ ದಾಳಿಯ ಸುದ್ದಿ ಹೇಳಿ ಯುಗೊಸ್ಲಾವ್ ರಾಯಭಾರ ಕಚೇರಿಗೆ ಹೋದರು. ಮಂತ್ರಿಗಳಲ್ಲಿ ಕಟ್ಟಡದಲ್ಲಿ ಉಳಿದದ್ದು ಇಶ್ತ್ವಾನ್ ಬಿಬೋ ಒಬ್ಬರೇ. ಸೋವಿಯತ್ ಸೈನಿಕರು ಒಳಗೆ ತುಂಬಿಕೊಂಡಿದ್ದಾಗ ನವೆಂಬರ್ 6ರವರೆಗೆ ಅಲ್ಲೇ ಇದ್ದು ಘೋಷಣೆಯನ್ನು ಟೈಪು ಮಾಡಿದರು.

ಭಾರತದ ನಂಟು ಇಲ್ಲಿ ಬರುತ್ತದೆ. ನವೆಂಬರ್ 9ರಂದು ವಿಶ್ವಸಂಸ್ಥೆಯಲ್ಲಿ ಹಂಗೇರಿಯಲ್ಲಿ ಮುಕ್ತ ಚುನಾವಣೆ ಕೇಳುವ ಠರಾವು ಬಂದಾಗ ಕೃಷ್ಣ ಮೆನನ್ ನೇತೃತ್ವದ ನಮ್ಮ ನಿಯೋಗ ವಿರುದ್ಧ ಮತ ಹಾಕಿತು. ಜಯಪ್ರಕಾಶ ನಾರಾಯಣರು ನೆಹರೂ ನಿಲುವನ್ನು ಬಹಿರಂಗವಾಗಿ ಟೀಕಿಸಿದರು. ಆದರೆ ಬುಡಾಪೆಸ್ಟಿನಲ್ಲಿದ್ದ ಭಾರತದ ಪ್ರತಿನಿಧಿ ಎಂ.ಎ. ರೆಹಮಾನ್ ಕಚೇರಿಯ ಬಾಗಿಲು ಮುಚ್ಚಲಿಲ್ಲ. ಬಿಬೋ ಬರೆದ ರಾಜಿಸೂತ್ರವನ್ನು ಆರ್ಪಾದ್ ಗೋಂತ್ಸ್ ಎಂಬ ವಕೀಲ-ಅನುವಾದಕ ಅಲ್ಲಿಗೆ ಮುಟ್ಟಿಸಿದ. ಮಾಸ್ಕೋದಲ್ಲಿ ರಾಯಭಾರಿಯಾಗಿದ್ದ ಕೆ.ಪಿ.ಎಸ್. ಮೆನನ್ ಹಂಗೇರಿಗೂ ಹೊಣೆ, ಅವರೂ ಬುಡಾಪೆಸ್ಟಿಗೆ ಬಂದು ನೋಡಿದರು. 1958ರಲ್ಲಿ ಬಿಬೋ, ಗೋಂತ್ಸ್ ಇಬ್ಬರಿಗೂ ಜೀವಾವಧಿ. 1963ರ ಕ್ಷಮಾದಾನದಲ್ಲಿ ಹೊರಬಂದ ಗೋಂತ್ಸ್ 1990ರಿಂದ 2000ದವರೆಗೆ ಹಂಗೇರಿಯ ಅಧ್ಯಕ್ಷರಾಗಿದ್ದರು. ದೆಹಲಿಯ ಮತಕ್ಕೂ ಬುಡಾಪೆಸ್ಟಿನ ನಮ್ಮ ಕಚೇರಿಯ ನಡತೆಗೂ ಇರುವ ಈ ಅಂತರ ನಮ್ಮಲ್ಲಿ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ಐದು ನಿಮಿಷ ದೂರದ ಸಬಾದ್‌ಶಾಗ್ ತೇರ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ. ಹಂಗೇರಿಯ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥ ಕಾರ್ಡಿನಲ್ ಮಿಂಡ್‌ಸೆಂಟಿ ನವೆಂಬರ್ 4ರಂದು ಇದರೊಳಗೆ ಆಶ್ರಯ ಪಡೆದು 1971ರವರೆಗೆ, 15 ವರ್ಷ ಹೊರಗೆ ಬರಲಿಲ್ಲ.

ಮಧ್ಯಾಹ್ನ 4 ಅಥವಾ 6ನೇ ಟ್ರಾಮು ಹಿಡಿದು ಬುಡಾದ ಸೇನಾ ತೇರ್. ಈ ಟ್ರಾಮು ಕೊರ್ವಿನ್‌ನಿಂದ ಇಲ್ಲಿಯವರೆಗೆ ದಂಗೆಯ ಮುಖ್ಯ ಜಾಗಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಓಡುತ್ತದೆ. ಸೇನಾ ತೇರ್‌ನಲ್ಲಿ ರೈಲು ಡಬ್ಬಿಗಳನ್ನು ಎಳೆದು ತಂದು ಅಡ್ಡಗಟ್ಟೆ ಹಾಕಿದ್ದರು. ನಾಯಕ ಯಾನೋಶ್ ಸಾಬೋ ಲಾರಿ ಡ್ರೈವರ್, ಐವತ್ತು ದಾಟಿದವನು. ಹುಡುಗರೆಲ್ಲ 'ಸಾಬೋ ಮಾಮ' ಎನ್ನುತ್ತಿದ್ದರು. 1957ರ ಜನವರಿಯಲ್ಲೇ ಅವನನ್ನು ಕೊಂದರು. ಇಲ್ಲಿ ಸುದ್ದಿ ಸಾಗಿಸುತ್ತಿದ್ದ ಪೇತೆರ್ ಮಾನ್ಸ್‌ಫೆಲ್ಡ್‌ಗೆ ಆಗ 15 ವರ್ಷ. ಗಲ್ಲಿಗೇರಿಸಲೆಂದೇ 18 ತುಂಬುವವರೆಗೆ ಕಾದರು ಎಂಬ ಕಥೆ ಎಲ್ಲ ಕಡೆ ಕೇಳುತ್ತೀರಿ, ಅದು ಸರಿಯಲ್ಲ. ಆಗಿನ ಕಾನೂನಿನಲ್ಲಿ 16 ತುಂಬಿದವರಿಗೇ ಮರಣದಂಡನೆ ಸಾಧ್ಯವಿತ್ತು. 1959ರ ಮಾರ್ಚ್ 21ರಂದು ಗಲ್ಲಾದಾಗ ಅವನಿಗೆ 18 ತುಂಬಿ 11 ದಿನ. ಸತ್ಯ ಇಷ್ಟು ಕ್ರೂರವಾಗಿರುವಾಗ ಕಥೆಯನ್ನು ಬೆಳೆಸುವ ಅಗತ್ಯವೇ ಇಲ್ಲ.

ನಾಲ್ಕನೇ ದಿನ: ಬೂಟುಗಳು, 60ನೇ ನಂಬರು, ಚೆಪೆಲ್

ಬೆಳಿಗ್ಗೆ ನಗರೋದ್ಯಾನದ ಪಕ್ಕದ '56ರವರ ಚೌಕ'. ಜಾಗ ದೂರವೆಂದು ಇದೊಂದನ್ನು ದಿನಾಂಕದ ಕ್ರಮ ತಪ್ಪಿಸಿ ಇಲ್ಲಿ ಇಟ್ಟಿದ್ದೇವೆ. ಒಂದು ಚರ್ಚನ್ನು ಕೆಡವಿ ಆ ಜಾಗದಲ್ಲಿ 1951ರ ಡಿಸೆಂಬರಿನಲ್ಲಿ ಸ್ಟಾಲಿನ್‌ನ 8 ಮೀಟರ್ ಕಂಚಿನ ಪ್ರತಿಮೆ ನಿಲ್ಲಿಸಿದ್ದರು. ಅಕ್ಟೋಬರ್ 23ರ ರಾತ್ರಿ ಜನ ಕುತ್ತಿಗೆಗೆ ಹಗ್ಗ ಹಾಕಿ ಲಾರಿಗಳಿಂದ ಎಳೆದರು. ಪ್ರತಿಮೆ ಅಲುಗಲಿಲ್ಲ. ಫ್ಯಾಕ್ಟರಿಯಿಂದ ಗ್ಯಾಸ್ ಕಟರ್ ತಂದ ಕಾರ್ಮಿಕರು ಮೊಣಕಾಲಿನ ಹತ್ತಿರ ಕೊಯ್ದ ಮೇಲೆ ರಾತ್ರಿ ಒಂಬತ್ತೂವರೆ ಸುಮಾರಿಗೆ ಉರುಳಿತು. ಪೀಠದ ಮೇಲೆ ಉಳಿದದ್ದು ಬೂಟುಗಳು, ಅದರೊಳಗೆ ಯಾರೋ ಬಾವುಟ ನೆಟ್ಟರು. ಮುಂಡವನ್ನು ಬ್ಲಾಹಾ ಲುಯ್‌ಜಾ ತೇರ್‌ವರೆಗೆ ಎಳೆದೊಯ್ದು ಚೂರು ಮಾಡಿದರು. 2006ರಲ್ಲಿ ಇಲ್ಲಿ ತುಕ್ಕು ಬಣ್ಣದ ಉಕ್ಕಿನ ಕಂಬಗಳ ಸ್ಮಾರಕ ಬಂತು. ಹಿಂದೆ ಚದುರಿದ ಕಂಬಗಳು ಮುಂದೆ ಬರುಬರುತ್ತಾ ಒತ್ತಾಗಿ, ಕೊನೆಗೆ ಹೊಳೆಯುವ ಬೆಣೆಯಾಗಿ ಕೂಡುತ್ತವೆ. ಹಿಂಭಾಗದಿಂದ ಕಂಬಗಳ ನಡುವೆ ನಡೆದು ಬನ್ನಿ, ಜಾಗ ಕಿರಿದಾಗುವುದು ಭುಜಕ್ಕೆ ತಿಳಿಯುತ್ತದೆ. ಬೂಟುಗಳ ಪ್ರತಿಕೃತಿ ಊರಾಚೆಯ ಮೆಮೆಂಟೋ ಪಾರ್ಕಿನಲ್ಲಿದೆ.

ಅದೇ ರಸ್ತೆಯಲ್ಲಿ ಹೀರೋಗಳ ಚೌಕದ ಮೂಲೆಗೆ ಬಂದರೆ ಇಂದಿನ ಸೆರ್ಬಿಯಾ ರಾಯಭಾರ ಕಚೇರಿ. ನಾಜ್ ಆಶ್ರಯ ಪಡೆದದ್ದು ಇಲ್ಲೇ. ನವೆಂಬರ್ 22ರಂದು ಸುರಕ್ಷಿತವಾಗಿ ಮನೆಗೆ ಕಳಿಸುತ್ತೇವೆ ಎಂಬ ಕಾದಾರ್‌ನ ಮಾತು ನಂಬಿ ಬಸ್ಸು ಹತ್ತಿದರು. ಬಸ್ಸನ್ನು ಸೋವಿಯತ್ ಪಡೆ ವಶಪಡಿಸಿಕೊಂಡು ಎಲ್ಲರನ್ನೂ ರೊಮೇನಿಯಾಕ್ಕೆ ಸಾಗಿಸಿತು.

ಹಳದಿ ಮೆಟ್ರೋದಲ್ಲಿ ವೊರೋಶ್ಮಾರ್ತಿ ಉತ್ಸಾ ನಿಲ್ದಾಣಕ್ಕೆ ಬಂದರೆ ಆಂದ್ರಾಶಿ ಊತ್ 60, ಹೌಸ್ ಆಫ್ ಟೆರರ್ ಮ್ಯೂಸಿಯಂ. ಮೊದಲು ಹಂಗೇರಿಯ ನಾಜಿಗಳ, ಆಮೇಲೆ ಕಮ್ಯುನಿಸ್ಟ್ ಗುಪ್ತ ಪೊಲೀಸರ ಕೇಂದ್ರವಾಗಿದ್ದ ಮನೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ನೆಲಮಾಳಿಗೆಯ ಕೋಣೆಗಳಿಗೆ ಬಹಳ ನಿಧಾನವಾಗಿ ಇಳಿಯುವ ಗಾಜಿನ ಲಿಫ್ಟು, ಅದರಲ್ಲಿ ಗಲ್ಲಿನ ಕ್ರಮ ವಿವರಿಸುವ ವಿಡಿಯೋ. ಮಕ್ಕಳಿಗೆ ಬೇಡ. ನಾಜಿ ಕಾಲಕ್ಕೆ ಸಿಕ್ಕ ಕೋಣೆಗಳು ತೀರ ಕಡಿಮೆ ಎಂಬ ಆಕ್ಷೇಪ ಮೊದಲಿನಿಂದ ಇದೆ, ಅದರಲ್ಲಿ ಹುರುಳೂ ಇದೆ.

ಮಧ್ಯಾಹ್ನ ಬೊರಾರೋಶ್ ತೇರ್‌ನಿಂದ ಎಚ್7 ಉಪನಗರ ರೈಲಿನಲ್ಲಿ ಚೆಪೆಲ್. ನಗರದ ಪಾಸು ಇಲ್ಲಿಗೂ ನಡೆಯುತ್ತದೆ. ಪ್ರವಾಸಿಗರು ಯಾರೂ ಬರುವುದಿಲ್ಲ, ನೋಡಲು ಹಳೆಯ ಕಬ್ಬಿಣದ ಕಾರ್ಖಾನೆಯ ಗೇಟು ಮತ್ತು ಶೆಡ್ಡುಗಳು ಮಾತ್ರ. 'ಕೆಂಪು ಚೆಪೆಲ್' ಎಂದು ಪಕ್ಷ ಹೆಮ್ಮೆಪಡುತ್ತಿದ್ದ ಕಾರ್ಮಿಕರ ಊರು ಇದು. ನವೆಂಬರ್ 11ರವರೆಗೆ, ಎಲ್ಲರಿಗಿಂತ ಕೊನೆಯವರೆಗೆ ಕಾದಾಡಿದ್ದೂ ಇದೇ ಊರು. ಎರಡನೇ ದಾಳಿಯಲ್ಲಿ ಸೋವಿಯತ್ ಸೇನೆ ಮೊದಲಿನ ತಪ್ಪು ಮಾಡಲಿಲ್ಲ. ಕಾಲಾಳು ಜೊತೆಗೆ ಬಂದರು, ಗುಂಡು ಬಂದ ಮನೆಯನ್ನು ದೂರದಿಂದಲೇ ಫಿರಂಗಿಯಿಂದ ಕೆಡವಿದರು. ಮಾತುಕತೆಗೆಂದು ಇದೇ ದ್ವೀಪದ ತೋಕೋಲ್ ಸೇನಾನೆಲೆಗೆ ಹೋಗಿದ್ದ ಮಲೇತೆರ್‌ನನ್ನು ನವೆಂಬರ್ 3ರ ರಾತ್ರಿ ಮೇಜಿನ ಮುಂದೆಯೇ ಬಂಧಿಸಿದ್ದರು. ಹಾಗಾಗಿ ದಾಳಿಯ ಹೊತ್ತಿಗೆ ಸೈನ್ಯಕ್ಕೆ ಆಜ್ಞೆ ಕೊಡುವವರೇ ಇರಲಿಲ್ಲ. ಬಂದೂಕು ಸೋತ ಮೇಲೆ ಕಾರ್ಮಿಕರು ಕೈಕಟ್ಟಿ ಕೂತರು. ನವೆಂಬರ್ 14ರಂದು ಫ್ಯಾಕ್ಟರಿ ಕೌನ್ಸಿಲ್‌ಗಳು ಸೇರಿ ಬೃಹತ್ ಬುಡಾಪೆಸ್ಟಿನ ಕೇಂದ್ರ ಕಾರ್ಮಿಕ ಮಂಡಳಿ ಕಟ್ಟಿದವು. ಅದರ ಅಧ್ಯಕ್ಷನಾದ ಶಾಂದೋರ್ ರಾತ್ಸ್ 23ರ ಹರೆಯದ ಉಪಕರಣ ಕೆಲಸಗಾರ. ಫ್ಯಾಕ್ಟರಿ ನಮ್ಮದು, ಜಮೀನ್ದಾರರಿಗೂ ಬಂಡವಾಳಗಾರರಿಗೂ ವಾಪಸ್ ಕೊಡುವುದಿಲ್ಲ, ಆದರೆ ಆಡಳಿತ ಪಕ್ಷದ್ದಲ್ಲ, ನಮ್ಮದು ಎಂಬುದು ಅವರ ನಿಲುವು. ಡಿಸೆಂಬರ್ 11ರಂದು ರಾತ್ಸ್‌ನನ್ನೂ ಹಿಡಿದರು.

ಐದನೇ ದಿನ: ಗಡಿ

ಕೆಲೆತಿ ನಿಲ್ದಾಣದಿಂದ ಪಶ್ಚಿಮಕ್ಕೆ ರೈಲು, ಮೊಶೊನ್‌ಮಜ್ಯಾರೋವಾರ್ ಸುಮಾರು ಎರಡು ಗಂಟೆ. ಅಕ್ಟೋಬರ್ 26ರಂದು ಆಯುಧವಿಲ್ಲದೆ ಗಡಿ ಕಾವಲಿನ ಬ್ಯಾರಕ್ಕಿನತ್ತ ನಡೆದ ಜನರ ಮೇಲೆ ಇಲ್ಲಿ ಮೆಷಿನ್‌ಗನ್ ಹಾರಿಸಿದರು. 50ಕ್ಕೂ ಹೆಚ್ಚು ಜನ ಸತ್ತರು. ಸ್ಮಾರಕ ಆ ಬ್ಯಾರಕ್ಕಿನ ಎದುರಿಗಿದೆ.

ಆಸ್ಟ್ರಿಯಾ ಕಡೆಯ ಆಂಡೌ ಸೇತುವೆಗೆ ಬಸ್ಸು ನಂಬಿ ಹೊರಡಬೇಡಿ, ಕಾರು ಬೇಕು. ಪಾಸ್‌ಪೋರ್ಟ್ ಜೇಬಲ್ಲಿರಲಿ, ಗಡಿಯಲ್ಲಿ ಕೇಳುವುದುಂಟು. ಕಾಲುವೆಗೆ ಅಡ್ಡಲಾಗಿ ರೈತರು ಬಳಸುತ್ತಿದ್ದ ಮರದ ಕಿರುಸೇತುವೆ ಇದು. ಸುಮಾರು 70,000 ಜನ ಇದರ ಮೇಲೆ ದಾಟಿದರು. ನವೆಂಬರ್ 21ರಂದು ಸ್ಫೋಟಿಸಿದರು, ಈಗಿರುವುದು 1996ರಲ್ಲಿ ಮತ್ತೆ ಕಟ್ಟಿದ್ದು. ಇಷ್ಟೊಂದು ಜನ ದಾಟಲು ಹೇಗೆ ಆಯಿತು? ಗಡಿಯ ನೆಲಬಾಂಬುಗಳನ್ನೂ ಮುಳ್ಳುತಂತಿಯನ್ನೂ ಸರಕಾರವೇ ಅದೇ ವರ್ಷದ ಬೇಸಿಗೆಯಲ್ಲಿ ತೆಗೆಸಿತ್ತು. ಒಂದು ವರ್ಷ ಮೊದಲಾಗಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. ಸೇತುವೆಯಿಂದ ಆಂಡೌ ಹಳ್ಳಿಗೆ 9 ಕಿ.ಮೀ. ನೇರ ರಸ್ತೆ, ಬದಿಯಲ್ಲಿ ಮರದ ಶಿಲ್ಪಗಳು. ಎರಡು ಕಿ.ಮೀ. ಆದರೂ ನಡೆಯಿರಿ. ಬಟಾಬಯಲು, ನೆರಳಿಲ್ಲ, ನವೆಂಬರಿನ ಗಾಳಿ ಕೋಟಿನೊಳಗೆ ನುಗ್ಗುತ್ತದೆ. ಜನ ಇದನ್ನು ರಾತ್ರಿ ಹೊತ್ತು, ಮಕ್ಕಳನ್ನೆತ್ತಿಕೊಂಡು ನಡೆದರು.

ಆರನೇ ದಿನ: 301ನೇ ತುಂಡು

ಬ್ಲಾಹಾ ಲುಯ್‌ಜಾ ತೇರ್ ಬಳಿಯಿಂದ 28ನೇ ಟ್ರಾಮು ಊರಿನ ಪೂರ್ವದ ತುದಿಯ ಹೊಸ ಸಾರ್ವಜನಿಕ ಸ್ಮಶಾನಕ್ಕೆ ಹೋಗುತ್ತದೆ. ಮುಖ್ಯ ಗೇಟಿನಲ್ಲಿ ಹೂವು ಮಾರುತ್ತಾರೆ, ಬೇಕಾದರೆ ಅಲ್ಲೇ ಕೊಳ್ಳಿ, ಒಳಗೆ ಏನೂ ಸಿಗದು. 300 ಮತ್ತು 301ನೇ ತುಂಡುಗಳು ಸ್ಮಶಾನದ ಅತ್ಯಂತ ದೂರದ ಮೂಲೆಯಲ್ಲಿವೆ, ಅರ್ಧ ಗಂಟೆ ನಡಿಗೆ. ಕುಡಿಯುವ ನೀರು, ಮಳೆಗಾಲವಾದರೆ ಗಟ್ಟಿ ಬೂಟು ಇರಲಿ. ಪಕ್ಕದಲ್ಲೇ ಕೊಜ್ಮಾ ಉತ್ಸಾದ ಜೈಲು. 1958ರ ಜೂನ್ 16ರಂದು ಇಮ್ರೆ ನಾಜ್, ಪಾಲ್ ಮಲೇತೆರ್, ಪತ್ರಕರ್ತ ಮಿಕ್ಲೋಶ್ ಗಿಮೆಶ್ ಮೂವರನ್ನೂ ಅಲ್ಲಿ ಗಲ್ಲಿಗೇರಿಸಿದರು. ಮೊದಲು ಜೈಲಿನ ಅಂಗಳದಲ್ಲೇ ಹೂತರು. 1961ರಲ್ಲಿ ಹೆಣಗಳನ್ನು ಟಾರು ಕಾಗದದಲ್ಲಿ ಸುತ್ತಿ, ತಂತಿ ಬಿಗಿದು, ಇಲ್ಲಿಗೆ ತಂದು ಬೋರಲಾಗಿ ಮಣ್ಣು ಮಾಡಿದರು. ಸ್ಮಶಾನದ ದಾಖಲೆಯಲ್ಲಿ ನಾಜ್‌ರ ಜಾಗಕ್ಕೆ ಬರೆದ ಹೆಸರು ಪಿರೋಶ್ಕಾ ಬೊರ್‌ಬೀರೋ, ಒಬ್ಬ ಹೆಂಗಸಿನದು. ಮನೆಯವರು ಗುರುತಿಟ್ಟುಕೊಂಡು ಹೂವಿಟ್ಟರೆ ಪೊಲೀಸರು ಬಂದು ತುಳಿದುಹಾಕುತ್ತಿದ್ದರು. ಮುಳ್ಳು ಪೊದೆ ಬೆಳೆದು ಇಡೀ ತುಂಡು ಮುಚ್ಚಿಹೋಗಿತ್ತು.

1989ರ ವಸಂತದಲ್ಲಿ ಅಗೆದು ಗುರುತು ಹಚ್ಚಿದರು. ಜೂನ್ 16ರಂದು ಹೀರೋಗಳ ಚೌಕದಲ್ಲಿ ಆರು ಶವಪೆಟ್ಟಿಗೆಗಳನ್ನು ಇಟ್ಟರು. ಐದರಲ್ಲಿ ನಾಜ್ ಮತ್ತು ಸಂಗಡಿಗರು, ಆರನೆಯದು ಖಾಲಿ, ಹೆಸರು ಸಿಗದವರಿಗೆ. ಸುಪ್ರೀಂ ಕೋರ್ಟು ನಾಜ್ ನಿರ್ದೋಷಿ ಎಂದ ಜುಲೈ 6ರಂದೇ ಕಾದಾರ್ ತೀರಿಕೊಂಡ.

ತುಂಡಿನ ಬಾಯಲ್ಲಿ ಕೆತ್ತನೆಯ ಮರದ ಹೆಬ್ಬಾಗಿಲು. ಹಂಗೇರಿಯ ಆತ್ಮವಿದ್ದವರು ಮಾತ್ರ ಈ ಬಾಗಿಲು ದಾಟಬಹುದು ಎಂದು ಅದರ ಮೇಲೆ ಬರೆದಿದೆ. ಹಿಂಜರಿಯಬೇಡಿ, ಒಳಗೆ ಹೋಗಿ. ಸಾಲುಸಾಲು ಮರದ ಗೋರಿಕಂಬಗಳು, ಅವರ ಮಾತಿನಲ್ಲಿ 'ಕೋಪ್ಯಾಫಾ'. ಮೊದಲು ನಾಜ್‌ರ ಕಲ್ಲಿನ ಹತ್ತಿರ ಹೋಗಿ, ಆಮೇಲೆ ಸಾಲುಗಳ ನಡುವೆ ಇಳಿಯಿರಿ. ಪ್ರತಿಯೊಂದರಲ್ಲೂ ಹುಟ್ಟಿದ ಮತ್ತು ಸತ್ತ ವರ್ಷ ನೋಡಿ, ಒಂದರಿಂದ ಒಂದು ಕಳೆಯಿರಿ. ಇಪ್ಪತ್ತೆರಡು, ಇಪ್ಪತ್ತೈದು, ಮೂವತ್ತು. ದಂಗೆಯ ನಂತರ ಗಲ್ಲಿಗೇರಿದವರು 200ಕ್ಕೂ ಹೆಚ್ಚು. ಮಂತ್ರಿಗಳು, ಬರಹಗಾರರು ಬೆರಳೆಣಿಕೆಯವರು. ಮಿಕ್ಕವರು ಫಿಟ್ಟರು, ಟರ್ನರು, ಗಣಿ ಕೆಲಸಗಾರ, ಡ್ರೈವರು. ಕಂಬದ ಮೇಲೆ ಕಸುಬು ಬರೆದಿರುವುದಿಲ್ಲ. ಹೆಸರನ್ನು ಫೋನಿನಲ್ಲಿ ಹುಡುಕಿದರೆ ಹಲವರದ್ದು ಅಲ್ಲೇ ಸಿಗುತ್ತದೆ. ಸ್ಮಶಾನದ ಗೇಟು ಚಳಿಗಾಲದಲ್ಲಿ ಬೇಗ ಮುಚ್ಚುತ್ತದೆ, ವಾಪಸಿನ ಅರ್ಧ ಗಂಟೆಯನ್ನೂ ಲೆಕ್ಕದಲ್ಲಿಟ್ಟು ಮಧ್ಯಾಹ್ನದೊಳಗೇ ಬಂದುಬಿಡಿ.